ಆಡಿನ ಹಾಲು

ಹಳಿಯಾಳದ ಪಿಂಜಾರ ಓಣಿಯಲ್ಲಿ ಗನಿಸಾಬನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹತ್ತಿ ಹಿಂಜುವ ಬಿಲ್ಲಿನ ಠಂಯ್ ಠಂಯ್ ಸದ್ದಿನ ಬೆನ್ನು ಹತ್ತಿ ನಡೆದರೆ ಸಾಕು, ಬಾಗಿಲಿಗೇ ಬಂದು ನಿಲ್ಲುತ್ತಿದ್ದಿರಿ. ಒಳಗೆಲ್ಲ ಹತ್ತಿ. ಅನ್ನದ ಮೇಲೆ ಹತ್ತಿ, ಸಾರಿನಲ್ಲಿ ಹತ್ತಿ, ಗನಿಸಾಬನ ಹುಬ್ಬಿನ ಮೇಲಂತೂ ವರ್ಷವಿಡೀ ಹತ್ತಿ. ಊರಿನ ಅರ್ಧ ಜನ ಅವನು ಹೊಲಿದ ಗಾದಿಯ ಮೇಲೆ ಮಲಗುತ್ತಿದ್ದರು. ಅವನ ಮನೆಯವರು ಮಲಗುತ್ತಿದ್ದುದು ಚಾಪೆಯ ಮೇಲೆ.

ಈ ಮನೆಯ ಒಬ್ಬನೇ ಮಗ ಮನ್ಸೂರ ಬಿಲ್ಲಿಗೆ ಕೈ ಹಚ್ಚಲಿಲ್ಲ. ಮುಲ್ಕಿ ಪರೀಕ್ಷೆ ಪಾಸು ಮಾಡಿದ, ಹಾಡು ಬರೆದ, ಕಿರಾಣಿ ವ್ಯಾಪಾರಿ ಅಂದಾನೆಪ್ಪನ ನಾಟಕ ಮಂಡಳಿಗೆ ಆಟ ಬರೆದುಕೊಟ್ಟ. ಊರವರು ಅವನನ್ನು ಮಾಸ್ತರ ಎಂದು ಕರೆಯುತ್ತಿದ್ದರು, ಚಾ ಕುಡಿಸುತ್ತಿದ್ದರು, ಅಷ್ಟಕ್ಕೇ ಬಿಡುತ್ತಿದ್ದರು. ಹೊಟ್ಟೆಪಾಡಿಗೆಂದು ದಾಂಡೇಲಿಯ ಕಟ್ಟಿಗೆ ವ್ಯಾಪಾರಿಗಳ ಹತ್ತಿರ ಗುಮಾಸ್ತಿಕೆ ಹಿಡಿದರೆ ಅದು ಒಂದು ಮಳೆಗಾಲ ದಾಟುತ್ತಿರಲಿಲ್ಲ. ಯುದ್ಧದ ದೆಸೆಯಿಂದ ಚಿಮಣಿ ಎಣ್ಣೆಗೂ ಕಾಗದಕ್ಕೂ ಬರ ಬಂದ ಆ ವರ್ಷ ಅವನು ಮತ್ತೊಮ್ಮೆ ಟ್ರಂಕು ಹೊತ್ತು ಪೆಟ್ರೋಲಿನ ಬದಲು ಇದ್ದಲಿಯಿಂದ ಓಡುವ ಮೋಟಾರಿನಿಂದ ಇಳಿದು ಮನೆಗೆ ಬಂದ.

"ಈ ಸಲ ಯಾಕ ಬಿಟ್ಟೆಪಾ?" ಎಂದ ಗನಿಸಾಬ, ಬಿಲ್ಲು ಕೆಳಗಿಡದೆ.

"ನಾ ಬಿಡಲಿಲ್ಲ. ಬಿಡಿಸಿದ್ರು."

"ಯಾಕ?"

"ತೊಲಿ ಎಣಿಸೂ ಹೊತ್ತಿನಾಗ ಬರಕೋತ ಕುಂತಿದ್ದೆ."

"ಏನ ಬರಕೋತ?"

"ಹಾಡು."

"ಹಾಡು!" ಗನಿಸಾಬ ಬಿಲ್ಲಿನ ಹೆದೆಗೆ ಒಂದು ಏಟು ಜೋರಾಗಿಯೇ ಕೊಟ್ಟ. ಹತ್ತಿ ಎದ್ದು ಮಗನ ಟೋಪಿಯ ಮೇಲೆ ಕೂತಿತು. "ಹಾಡು ಹೊದ್ಕೊಂಡು ಮಲಗಾಕ ಬರತೈತೇನು? ಹಾಡಿನ ಸಾರು ಮಾಡತಾಳೇನು ನಿಮ್ಮವ್ವ?"

"ಊಟಕ್ಕ ಕುಂದರ್ರಿ ಇಬ್ರೂ," ಎಂದು ಸಿರಾಜುನ್ನಿಸಾ ಒಲೆಯ ಮುಂದಿನಿಂದ ಕೂಗಿದಳು. "ಆಮ್ಯಾಲೆ ಬೇಕಾದಷ್ಟು ಜಗಳಾಡ್ರಿ. ರೊಟ್ಟಿ ಆರತಾವು."

ಇಬ್ಬರೂ ಕೂತರು. ಹುರುಳಿ ಸಾರು ಸುರಿದುಕೊಂಡು ತಂದೆ ಗಬಗಬ ತಿಂದ. ಮಗ ರೊಟ್ಟಿಯನ್ನು ಮುರಿದು ಮುರಿದು ಹಾಗೇ ಬಿಟ್ಟ. ಸಿರಾಜುನ್ನಿಸಾ ಅವನ ಮುಖವನ್ನೇ ನೋಡಿದಳು. ಅವಳಿಗೆ ಆ ಮುಖದ ಗುರುತು ಚೆನ್ನಾಗಿತ್ತು. ಇನ್ನು ಕೆಲವು ದಿನ ಅವನು ಗೋಡೆಗೆ ಮುಖ ಮಾಡಿ ಮಲಗುತ್ತಾನೆ, ಕರೆದರೆ ಓಗೊಡುವುದಿಲ್ಲ. ಆಮೇಲೆ ಎದ್ದು ಊಟ ಬಿಟ್ಟು ಬರೆಯುತ್ತಾನೆ. ಬರೆದದ್ದನ್ನು ಒಲೆಗೆ ಹಾಕುತ್ತಾನೆ. ಒಮ್ಮೆ ಆ ಬೆಂಕಿಯ ಮೇಲೆಯೇ ಅವಳು ಚಾ ಕಾಸಿಕೊಟ್ಟಾಗ ಅವನು ಕುಡಿದು ಬೆಲ್ಲ ಕಡಿಮೆಯಾಗಿದೆ ಎಂದಿದ್ದ.

ಮಗನಿಗೆ ಏನಾಗಿದೆಯೆಂದು ಅವಳಿಗೆ ತಿಳಿಯದು. ಎಲ್ಲಿಗೆ ಹೋದರೆ ಅದು ಕಡಿಮೆಯಾಗುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಕಾಳಿ ಹೊಳೆಗೆ ಇನ್ನೊಂದು ಹೊಳೆ ಬಂದು ಕೂಡುವ ಸೂಪಾ ಊರಿಗೆ ಗನಿಸಾಬನ ತಂಗಿ ರಜಿಯಾಳನ್ನು ಕೊಟ್ಟಿತ್ತು. ಅವಳ ಗಂಡ ಶೌಕತನದು ಅಲ್ಲಿ ಉಪ್ಪು, ಎಣ್ಣೆ, ಒಣಮೀನಿನ ಅಂಗಡಿ. ಅವರ ಮಗಳು ಗುಲ್ಶನ. ಅವಳು ಕಲಿತದ್ದು ಮರಾಠಿ ಸಾಲೆಯಲ್ಲಿ, ಹೀಗಾಗಿ ಕನ್ನಡ ಮಾತು ಬಂದರೂ ಅಕ್ಷರ ಬಾರದು. ಕಾಡಿನ ಕೆಲಸಕ್ಕೆಂದು ಹೋಗಿ ಅತ್ತೆಯ ಮನೆಯಲ್ಲಿ ಉಳಿದಾಗಲೆಲ್ಲ ಮನ್ಸೂರ ತಾನು ಬರೆದದ್ದನ್ನು ಜಗಲಿಯ ಮೇಲೆ ಕೂತು ಓದುತ್ತಿದ್ದ. ಎದುರಿಗೆ ಗುಲ್ಶನ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೇಳುತ್ತಿದ್ದಳು. ಹಿಂದಿನ ವರ್ಷ ಸಿರಾಜುನ್ನಿಸಾ ಅಲ್ಲಿಗೆ ಹೋದಾಗ ಇದನ್ನು ಕಣ್ಣಾರೆ ಕಂಡಿದ್ದಳು.

"ಇಲ್ಲಿ ಸುಳ್ಳು ಬರದಿ ನೋಡು," ಎಂದಿದ್ದಳು ಹುಡುಗಿ, ಮೊರದಿಂದ ಕಣ್ಣೆತ್ತದೆ. "ಹಸಿದಾಂವ ಚಂದ್ರನ್ನ ನೋಡಂಗಿಲ್ಲ. ಯಾರ ಮನ್ಯಾಗ ಒಲಿ ಹೊತ್ತೈತಿ ಅಂತ ನೋಡತಾನ."

ಅವನು ಅಲ್ಲೇ ಆ ಸಾಲು ಹೊಡೆದುಹಾಕಿದ್ದ. ಅಪ್ಪನ ಬೈಗುಳಕ್ಕೆ ಬಗ್ಗದವನು, ಧಾರವಾಡದ ಪಂಡಿತರೊಬ್ಬರು ತಿದ್ದಿದ್ದಕ್ಕೆ ಜಗಳ ತೆಗೆದು ಬಂದವನು, ಅಕ್ಷರ ಬಾರದ ಹುಡುಗಿಯ ಮಾತಿಗೆ ಮಗುವಿನ ಹಾಗೆ ತಲೆಯಾಡಿಸಿದ್ದ. ಅದನ್ನು ನೋಡಿ ಸಿರಾಜುನ್ನಿಸಾಳಿಗೆ ಸಂತೋಷವೂ ಆಗಿತ್ತು, ಒಳಗೊಳಗೇ ಒಂಟಿ ಎನಿಸಿಯೂ ಇತ್ತು. ಅವಳಿಗೆ ಮಗ ಒಂದು ಸಾಲನ್ನೂ ಓದಿ ಹೇಳಿದವನಲ್ಲ.

"ಇಬ್ಬರಿಗೂ ಗಂಟು ಹಾಕಿಬಿಡೂಣು," ಎಂದು ಈಗ ಗಂಡನಿಗೆ ಹೇಳಿದವಳು ಅವಳೇ. "ಆಕಿ ಬಂದ್ರ ಆಂವ ನೆಟ್ಟಗ ಆಗತಾನ."

ಗನಿಸಾಬ ಸೂಪಾಕ್ಕೆ ಹೋಗಿ ಮಾತೆತ್ತಿದ. ರಜಿಯಾ ಅಣ್ಣನ ಬಾಯಿಂದ ಆ ಮಾತು ಬರಲಿ ಎಂದೇ ಕಾದಿದ್ದವಳು. ಶೌಕತ ಹುಡುಗನಿಗೆ ಕೆಲಸವಿಲ್ಲ ಎಂದು ಒಂದೆರಡು ದಿನ ಗೊಣಗಿ ಒಪ್ಪಿದ.

ನಿಶ್ಚಯದ ದಿನ ಹಳಿಯಾಳದ ಮನೆಯಲ್ಲಿ ಹತ್ತಿಯನ್ನೆಲ್ಲ ಚೀಲಕ್ಕೆ ತುಂಬಿ ಮೂಲೆಗೆ ತಳ್ಳಿದರು. ಸಿರಾಜುನ್ನಿಸಾ ಚಪಾತಿ ಪುಡಿಗೆ ಬೆಲ್ಲ ಹಾಕಿ ಮಾಲ್ದಿ ಮಾಡಿದಳು, ಕೋಳಿ ಸಾರು ಮಾಡಿದಳು. ರಜಿಯಾ, ಶೌಕತ ಬಂದಿದ್ದರು. ಊರಿಗೆ ಹೊಸಬರಾದ ಖಾಜಿ ಸಾಹೇಬರನ್ನೂ ಊಟಕ್ಕೆ ಕರೆದಿತ್ತು. ಗನಿಸಾಬನಿಗೆ ಆ ದಿನ ನೆಲ ಕಾಣುತ್ತಿರಲಿಲ್ಲ. ಖಾಜಿಯ ತಾಟಿಗೆ ತಾನೇ ಕೋಳಿಯ ತುಂಡು ಆರಿಸಿ ಹಾಕುತ್ತ ಮಾತಿಗೆ ಸುರು ಮಾಡಿದ.

"ಈ ಹುಡುಗಿ ನಮಗ ಹೊರಗಿನಾಕಿ ಅಲ್ರಿ ಸಾಹೇಬ್ರ. ತಂಗಿ ಬಾಣಂತನಕ್ಕ ಇಲ್ಲಿಗೇ ಬಂದಿದ್ಲು. ಹಡದ ಮ್ಯಾಲೆ ಚಳಿಜ್ವರ ಹತ್ತಿ ಎಚ್ಚರ ತಪ್ಪಿ ಬಿದ್ಲು. ಕೂಸು ಹೋದಂಗ ಆಗಿತ್ತು. ನಮ್ಮಾಕಿ ಎದಿಹಾಲು ಕುಡಿಸಿ ಉಳಿಸಿದ್ಲು. ಅಂಥಾ ಹುಡುಗಿ ಈ ಮನಿಗೇ ಸೊಸಿಯಾಗಿ ಬರತಾಳಂದ್ರ..."

ಖಾಜಿಯ ಕೈ ತಾಟಿನಲ್ಲೇ ನಿಂತಿತು.

"ಯಾರು ಹಾಲು ಕುಡಿಸಿದ್ದು?"

"ನನ್ನ ಹೆಂಡತಿರಿ."

"ಹುಡುಗನ ಹಡೆದ ತಾಯಿ?"

"ಹೌದ್ರಿ ಮತ್ತ."

ಖಾಜಿ ಕೈ ಹಿಂದಕ್ಕೆ ತೆಗೆದುಕೊಂಡರು. "ಹಂಗಾದ್ರ ಆಕಿ ಹುಡುಗನ ತಂಗಿ ಆದ್ಲು. ಒಂದು ಗುಟುಕು ಹೋಗಿದ್ರೂ ಆದ್ಲು. ಈ ನಿಕಾ ಹರಾಮ್."

ಗನಿಸಾಬ ನಕ್ಕುಬಿಟ್ಟ. ಹಾಲಿನ ಬಂಧನದ ನೇಮ ತನಗೂ ಗೊತ್ತು ಎಂದೇ ಅವನು ತಿಳಿದಿದ್ದ. "ಇಲ್ರೀ, ಮನ್ಸೂರನ ಜೋಡಿ ಕುಡದಿಲ್ರಿ ಆಕಿ. ಆಂವ ಆವಾಗ ಓಣ್ಯಾಗ ಓಡ್ಯಾಡೂ ಹುಡುಗ. ನಮಗೊಂದು ಸಣ್ಣ ಕೂಸಿತ್ತು, ಅದರ ಜೋಡಿ ಕುಡದಾಳ. ಅದು ತೀರಿಕೊಂಡು ಹೋತು. ಜೋಡಿ ಕುಡದವರಿಗೆ ಅಷ್ಟ ಅಲ್ರಿ ಆ ಬಂಧನ?"

ಓಣಿಯವರೆಲ್ಲ ತಿಳಿದಿದ್ದದ್ದು ಹಾಗೆಯೇ. ಒಂದೇ ಹೊತ್ತಿಗೆ ಒಂದೇ ಮಡಿಲಲ್ಲಿ ಕುಡಿದವರು ಒಡಹುಟ್ಟು, ಮುಂಚೆ ಕುಡಿದವರಿಗೂ ಹಿಂದೆ ಕುಡಿದವರಿಗೂ ಸಂಬಂಧವಿಲ್ಲ ಎಂದು ಅಜ್ಜಿಯರ ಕಾಲದಿಂದ ನಡೆದು ಬಂದಿತ್ತು. ಹಾಲಿನ ಸಂಗತಿಯನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಡಬೇಕಾದ ಸಂಗತಿಯೆಂದು ಯಾರಿಗೂ ಹೊಳೆದೇ ಇರಲಿಲ್ಲ.

"ಅಲ್ಲ," ಎಂದರು ಖಾಜಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ಹಾಲು ಕೊಟ್ಟಾಕಿ ತಾಯಿ. ಆಕಿ ಹಡದವರೆಲ್ಲ ಅಣ್ಣ, ಅಕ್ಕ. ಮುಂಚೆ ಹುಟ್ಟಿರಲಿ, ಹಿಂದ ಹುಟ್ಟಿರಲಿ."

ಮನ್ಸೂರ ಎದ್ದು ಹೊರಗೆ ಹೋದ. ಶೌಕತ ಗಂಟಲು ಸರಿ ಮಾಡಿಕೊಂಡ. "ನಮ್ಮಾಕಿಗೆ ಎಚ್ಚರ ಇರಲಿಲ್ಲರಿ. ಅವರು ಇವರು ಹೇಳಿದ್ದು ಕೇಳಿ ನಾವೂ ಹಂಗ ಅಂದುಕೊಂಡು ಬಂದೀವಿ."

"ಅವರಿವರ ಮಾತು ಬ್ಯಾಡ. ಕೊಟ್ಟಾಕಿ ಬಾಯಿಲೆ ಬರಲಿ. ಜುಮ್ಮಾ ದಿನ ಬರತೇನಿ. ಆ ತಾಯಿ ದೇವರನ್ನ ನೆನೆದು ಕೊಟ್ಟಿಲ್ಲ ಅಂತ ಹೇಳಿದ್ರ ನಾನ ನಿಕಾ ಓದತೇನಿ."

ಸಿರಾಜುನ್ನಿಸಾ ಬಾಗಿಲ ಮರೆಯಲ್ಲಿ ಮಾಲ್ದಿಯ ತಾಟು ಹಿಡಿದು ನಿಂತೇ ಇದ್ದಳು.

ಖಾಜಿ ಅತ್ತ ಹೋಗುವುದೇ ತಡ, ಮನೆಯವರೆಲ್ಲ ಅವಳ ಮೇಲೆ ಮುಗಿಬಿದ್ದರು.

"ಇಲ್ಲ ಅಂದುಬಿಡು," ಎಂದ ಗನಿಸಾಬ. "ಆಡಿನ ಹಾಲು ಕುಡಿಸಿದ್ದೆ ಅನ್ನು. ಆವಾಗ ಮನ್ಯಾಗ ಆಡು ಇತ್ತಲ್ಲ."

"ಆಡು ಬತ್ತಿತ್ತು."

"ಅದು ಖಾಜಿಗೆ ಗೊತ್ತೈತೇನು?"

"ಬಾಯಿಬಿಟ್ಟು ಹೇಳಿಕೊಂಡಾಂವ ಯಾರು? ನಾನೇನು?"

"ನನಗೇನು ಗೊತ್ತಿತ್ತು! ಹೆಂಡತಿ ಹೊಗಳಿದ್ದೂ ತಪ್ಪಾತೇನು?" ಗನಿಸಾಬ ಗೋಡೆಗೆ ತಲೆ ಆನಿಸಿ ಕೂತ.

ರಜಿಯಾ ಅತ್ತಿಗೆಯ ಕೈ ಹಿಡಿದುಕೊಂಡಳು. "ಅತ್ತಿಗಿ, ಆ ಹುಡುಗಿ ಆಂವನ ಬಿಟ್ಟು ಮತ್ತೊಬ್ಬನ ಹೆಸರು ತೆಗೆದಾಕಿ ಅಲ್ಲ. ನಿಮ್ಮ ಕಾಲಿಗೆ ಬೀಳತೇನಿ. ಒಂದು ಮಾತು."

ಆ ಒಂದು ಮಾತಿನ ಭಾರ ಎಷ್ಟೆಂಬುದು ರಜಿಯಾಳಿಗೆ ಗೊತ್ತಿರಲಿಲ್ಲ, ಅವಳು ಆಗ ಜ್ವರದಲ್ಲಿ ಬಿದ್ದಿದ್ದಳು. ಸಿರಾಜುನ್ನಿಸಾಳಿಗೆ ಎಲ್ಲ ನೆನಪಿತ್ತು. ಆ ಮಳೆಗಾಲದಲ್ಲಿ ಅವಳ ಒಂದು ತೊಡೆಯ ಮೇಲೆ ತನ್ನ ಕೂಸು, ಇನ್ನೊಂದರ ಮೇಲೆ ನಾದಿನಿಯ ಕೂಸು. ಮಳೆ ನಿಲ್ಲುವ ಹೊತ್ತಿಗೆ ತನ್ನ ಕೂಸು ಜ್ವರ ಬಂದು ಹೋಯಿತು. ಮಣ್ಣು ಮಾಡಿ ಬಂದ ದಿನವೂ ಎದೆ ತುಂಬಿ ಸೆರಗು ನೆಂದಿತ್ತು, ಆ ಹಾಲನ್ನು ಗುಲ್ಶನ ಕುಡಿದಳು. ಹಾಲು ಹಂಚಿದ್ದಕ್ಕೇ ತನ್ನದು ಸೊರಗಿತೇನೋ ಎಂಬ ಮಾತು ಅವಳ ಮನಸ್ಸಿನಲ್ಲಿ ಎಷ್ಟೋ ಸಲ ಬಂದಿತ್ತು. ಯಾರ ಮುಂದೆ ಆಡುವುದು? ರಜಿಯಾ ಚೇತರಿಸಿಕೊಂಡು ಕೂಸನ್ನು ಸೂಪಾಕ್ಕೆ ಒಯ್ದ ದಿನ ಅವಳು ಎದೆಗೆ ಬಟ್ಟೆ ಬಿಗಿದು ಹತ್ತಿಯ ಚೀಲದ ಹಿಂದೆ ಕೂತು ಅತ್ತಿದ್ದಳು. ಈಗ ಆ ಹಾಲೇ ಇರಲಿಲ್ಲ ಎನ್ನಬೇಕಂತೆ. ನಿನಗೆ ಹೇಗೆನಿಸುತ್ತದೆ ಎಂದು ಒಬ್ಬರೂ ಅವಳನ್ನು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮನ್ಸೂರ ಅಡುಗೆಮನೆಗೆ ಬಂದು ಅವಳ ಎದುರು ಕೂತ. ಕಣ್ಣು ಕೆಂಪಾಗಿದ್ದವು.

"ಅವ್ವಾ, ಖರೇನ ಕೊಟ್ಟೀಯೇನು?"

ಅವಳು ಹಿಟ್ಟು ನಾದುತ್ತಿದ್ದಳು.

"ಆಕಿ ಇಲ್ಲಂದ್ರ ನನಗ ಒಂದು ಸಾಲು ಬರಿಯಾಕ ಬರಂಗಿಲ್ಲ ಅವ್ವಾ," ಎಂದ. "ಬರೀಲಿಲ್ಲಂದ್ರ ನಾ ಮತ್ಯಾತಕ್ಕೂ ಬರಂಗಿಲ್ಲ. ನನಗ ನನ್ನ ಹೆದರಿಕಿ ಐತಿ."

ಮೀಸೆ ಬಂದ ಮೇಲೆ ಅವನು ತಾಯಿಯ ಮುಂದೆ ಮನಸ್ಸು ಬಿಚ್ಚಿದ್ದು ಅದೇ ಮೊದಲು. ಸಿರಾಜುನ್ನಿಸಾ ನಾದುವುದನ್ನು ನಿಲ್ಲಿಸಿದಳು.

"ಇಲ್ಲಪಾ," ಎಂದಳು. "ಆಡಿನ ಹಾಲು ಕುಡಿಸಿದ್ದೆ."

ಅವನು ಅವಳ ಹಿಟ್ಟಿನ ಕೈಯನ್ನೇ ಹಿಡಿದು ಹಣೆಗೆ ಒತ್ತಿಕೊಂಡ. ಮಗನಿಗೆ ಹೇಳಿಯಾದ ಮೇಲೆ ಖಾಜಿಗೆ ಹೇಳುವುದು ಕಷ್ಟವಾಗಲಿಲ್ಲ. ಶುಕ್ರವಾರ ಪರದೆಯ ಹಿಂದೆ ಕೂತು ಅದೇ ಮಾತು ಹೇಳಿದಳು. ಖಾಜಿ "ನಿಮ್ಮ ಮಾತು ನಿಮ್ಮ ಕೊರಳಿಗೆ ತಾಯಿ," ಎಂದು ಎದ್ದರು. ಗನಿಸಾಬ ಆ ಸಂಜೆ ಓಣಿಗೆಲ್ಲ ಬೆಲ್ಲ ಹಂಚಿದ. ಸಿರಾಜುನ್ನಿಸಾಳ ಬಾಯಲ್ಲಿ ಅದು ಕರಗಲಿಲ್ಲ.

ಮನೆ ಗೆಲುವಾಯಿತು. ಮನ್ಸೂರ ಗಡ್ಡ ಹೆರೆಸಿಕೊಂಡು ಕೆಲಸ ಹುಡುಕಲು ದಾಂಡೇಲಿಗೆ ಹೋದ. ಗನಿಸಾಬ ಹೊಸ ಗಂಡ-ಹೆಂಡಿರಿಗೆಂದು ಒಳ್ಳೆ ಹತ್ತಿ ತೆಗೆದಿಟ್ಟ. ಕಂಟ್ರೋಲ್ ದರದ ಬಟ್ಟೆ ಹಳಿಯಾಳದಲ್ಲಿ ಸಿಗುತ್ತದೆಂದು ರಜಿಯಾ ಮಗಳನ್ನು ಕರೆದುಕೊಂಡು ಬಂದಳು. ಗನಿಸಾಬ, ರಜಿಯಾ ಪೇಟೆಗೆ ಹೋದಾಗ ಮನೆಯಲ್ಲಿ ಉಳಿದವರು ಇಬ್ಬರೇ. ಸಿರಾಜುನ್ನಿಸಾ ತಲೆದಿಂಬಿಗೆ ಹತ್ತಿ ತುಂಬುತ್ತಿದ್ದಳು. ಗುಲ್ಶನ ಹತ್ತಿಯಲ್ಲಿ ಉಳಿದ ಕಾಳು ಆರಿಸುತ್ತಿದ್ದಳು.

"ಅತ್ತಿ," ಎಂದಳು ಗುಲ್ಶನ, "ನೀವು ಖಾಜಿಗೆ ಏನ ಹೇಳಿದ್ರಿ?"

"ಆಡಿನ ಹಾಲು ಅಂತ."

"ನಮ್ಮವ್ವ ನನಗ ಸಣ್ಣಾಕಿ ಇದ್ದಾಗಿಂದ ಹೇಳಿಕೋತ ಬಂದಾಳ, ನೀ ಅತ್ತಿ ಹಾಲಿನಾಗ ಉಳದಾಕಿ ಅಂತ. ಈಗ ಆಕಿನೂ ಆಡು ಅಂತಾಳ. ಎಲ್ಲಾರಿಗೂ ಒಮ್ಮಿಗೆ ಆಡು ನೆನಪಾಗೈತಿ." ಅವಳು ಹತ್ತಿ ಬದಿಗಿಟ್ಟಳು. "ನನ್ನ ಮಾರಿ ನೋಡಿ ಹೇಳ್ರಿ."

ಸಿರಾಜುನ್ನಿಸಾ ದಿಂಬಿಗೆ ಹತ್ತಿ ತುರುಕಿದಳು. ಮತ್ತಷ್ಟು ತುರುಕಿದಳು. ದಿಂಬು ಕಲ್ಲಾಯಿತು. ಖಾಜಿಗೆ ಹೇಳಬಹುದು, ಹಡೆದ ಮಗನಿಗೂ ಹೇಳಬಹುದು, ಈ ಹುಡುಗಿಗೆ ಹೇಗೆ ಹೇಳುವುದು? ಆ ಮಳೆಗಾಲದಲ್ಲಿ ತನ್ನ ಎದೆಹಾಲು ಕುಡಿದ ಇಬ್ಬರಲ್ಲಿ ಇವಳೊಬ್ಬಳೇ ಉಳಿದಿದ್ದಳು. ಅವಳು ಮುಖ ಎತ್ತಲಿಲ್ಲ, ಕಣ್ಣೀರು ಮಾತ್ರ ಹತ್ತಿಯ ಮೇಲೆ ಬಿತ್ತು.

ಗುಲ್ಶನ ಹತ್ತಿರ ಸರಿದು ಅವಳ ಮಡಿಲಲ್ಲಿ ತಲೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೂತು ಮೂಗು ಒರೆಸಿಕೊಂಡಳು.

"ನಾನ ಒಲ್ಲೆ ಅಂತೇನಿ. ನಿಮ್ಮ ಮಾತು ಹಂಗ ಇರಲಿ."

"ಬ್ಯಾಡವಾ, ನಾನ ಹೇಳತೇನಿ. ಖಾಜಿಯವರ ಕಡೆ ಹೋಗಿ ತಪ್ಪಾತು ಅಂತೇನಿ."

"ನೀವು ಹೇಳಿದ್ರ ಆಂವಗ ಗೊತ್ತಾಗತೈತಿ. ಗೊತ್ತಾದ್ರ ಆಂವ ಕೇಳಂಗಿಲ್ಲ. ಗೋವಾಕ್ಕ ಹೋಗೂಣು, ಅಲ್ಲಿ ನಮ್ಮನ್ನ ಯಾರು ಬಲ್ಲರು ಅಂತಾನ." ಗುಲ್ಶನ ಬದಿಗಿಟ್ಟ ಹತ್ತಿಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ಆಂವ ಕರದ್ರ ನಾ ಹೊಂಟುಬಿಡತೇನಿ ಅತ್ತಿ. ಅದಕ್ಕ ಹೇಳಬ್ಯಾಡ್ರಿ. ನನ್ನ ಆಣಿ."

ಸಿರಾಜುನ್ನಿಸಾ ಆಣೆಗೆ ಕಟ್ಟುಬಿದ್ದಳು. ಆ ಹೊತ್ತಿಗೆ ಅದು ಸರಿಯೆಂದೇ ಅವಳಿಗೆ ಅನಿಸಿತು.

ಮರುದಿನ ಎಲ್ಲರೂ ಉಣ್ಣುತ್ತಿದ್ದಾಗ ಗುಲ್ಶನ ಬಾಯಿ ತೆರೆದಳು. "ಮಾವಾ, ನನಗ ಈ ನಿಕಾ ಬ್ಯಾಡ."

ಗನಿಸಾಬ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ. ರಜಿಯಾ, "ಏನ ಹುಚ್ಚು ಹಿಡದೈತೇನು ನಿನಗ?" ಎಂದಳು.

"ಹುಚ್ಚು ನನಗಿಲ್ಲ. ಕೆಲಸ ಇಲ್ಲ, ಬೊಗಸಿ ಇಲ್ಲ, ದಿನಗಟ್ಟಲೆ ಗೋಡಿ ನೋಡಿಕೋತ ಬಿದ್ದಿರತಾನ. ಅಂಥಾಂವನ್ನ ಕಟ್ಟಿಕೊಂಡು ನಾ ಏನ ಮಾಡ್ಲಿ? ಆಂವನ ಹಾಡು ಕೇಳಿ ಕೇಳಿ ಸಾಕಾಗೈತಿ ನನಗ."

ಬಾಗಿಲಲ್ಲಿ ಯಾರೋ ನಿಂತಂತಾಯಿತು. ಮನ್ಸೂರ ದಾಂಡೇಲಿಯಿಂದ ಆಗಷ್ಟೇ ಬಂದಿದ್ದ. ಕಟ್ಟಿಗೆ ಕೊಯ್ಯುವ ಕಾರಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಒಂದು ಕೈಯಲ್ಲಿ ಪೇಢೆಯ ಪುಡಿಕೆಯಿತ್ತು. ಅವನು ಗುಲ್ಶನಳನ್ನು ನೋಡಿದ. ಅವಳು ತಾಟು ನೋಡುತ್ತ ಅನ್ನ ಕಲಸುತ್ತಲೇ ಇದ್ದಳು. ಪುಡಿಕೆಯನ್ನು ಹೊಸ್ತಿಲ ಮೇಲಿಟ್ಟು ಅವನು ಬಂದ ದಾರಿಯಲ್ಲೇ ಹೋದ. ಸಿರಾಜುನ್ನಿಸಾ ಹೊರಗೆ ಓಡಿ ಬಂದು, ಓಣಿಯ ತಿರುವಿನಲ್ಲಿ ಅವನ ಬೆನ್ನು ಕಂಡು, ಆಣೆ ನೆನಪಾಗಿ ನಿಂತುಬಿಟ್ಟಳು.

ಇಷ್ಟಾದ ಮೇಲೆ ಮನ್ಸೂರ ಬರೆಯುವುದು ನಿಲ್ಲಿಸುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಅವನು ಹಿಂದೆಂದೂ ಬರೆಯದ ಹಾಗೆ ಬರೆದ. ಅಂದಾನೆಪ್ಪ ಹೊಸ ಆಟದ ಹಾಡುಗಳನ್ನು ಕೇಳಿ ತೊಡೆ ತಟ್ಟಿದನಂತೆ. ಅವುಗಳಲ್ಲೊಂದು ಆಟ ಕಟ್ಟುವ ಮೊದಲೇ ಹೊರಬಿತ್ತು. ಕಟ್ಟಿಗೆ ಹೇರುವ ಗಾಡಿಯವರು ಎತ್ತಿಕೊಂಡರು, ಒಂದು ವಾರದೊಳಗೆ ಸುತ್ತಲ ಊರುಗಳಲ್ಲೆಲ್ಲ ಅದೇ.

ಎರಡು ಹೊಳಿ ಕೂಡಿದ ಊರಾನ ಹುಡುಗಿ
ಎರಡು ನಾಲಿಗಿ ಹೊತ್ತು ಬೆಳದಾಳ.

ಎರಡು ಹೊಳೆ ಕೂಡುವ ಊರು ಯಾವುದು, ಅಲ್ಲಿಯ ಹುಡುಗಿ ಯಾರು ಎಂದು ತಿಳಿಯದವರು ಯಾರೂ ಇರಲಿಲ್ಲ. ರಜಿಯಾ ಅಣ್ಣನ ಮನೆಗೆ ಬರುವುದನ್ನು ಬಿಟ್ಟಳು. ಮನ್ಸೂರ ದಾಂಡೇಲಿಯಲ್ಲಿ ಕುಡಿಯಲು ಕಲಿತ. ಮೈಯಲ್ಲಿ ಚಳಿಜ್ವರ ಸೇರಿದ ಮೇಲೆ ಯಾರೋ ಗಾಡಿಯಲ್ಲಿ ತಂದು ಮನೆ ಮುಂದೆ ಇಳಿಸಿ ಹೋದರು. ಸಿರಾಜುನ್ನಿಸಾ ಹತ್ತಿ ಚೀಲಗಳ ಹಿಂದೆ ಅವನಿಗೆ ಹಾಸಿದಳು, ಗಂಜಿ ಕುಡಿಸಿದಳು.

"ಆ ಹಾಡು ಬ್ಯಾಡಪಾ," ಎಂದಳು ಒಂದು ದಿನ. "ಹೆಣ್ಣುಹುಡುಗಿ. ಆಕಿ ಬಾಳೇ ಹಾಳಾಗತೈತಿ."

"ಮತ್ತ ನನ್ನ ಬಾಳು?" ಎಂದು ಅವನು ಗೋಡೆಗೆ ತಿರುಗಿದ.

ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು. ಆ ದಿನಗಳಲ್ಲಿ ಅವಳು ಯಾರ ಜೊತೆಗೂ ಕೂತು ಉಣ್ಣಲಿಲ್ಲ. ಗಂಡನ ಎದುರಿಗೆ ಗುಟ್ಟು, ಮಗನ ಎದುರಿಗೆ ಸುಳ್ಳು. ನಿಕಾ ಯಾಕೆ ಮುರಿಯಿತು ಎಂಬ ಖರೆ ಬಲ್ಲವಳು ತನ್ನ ಹೊರತು ಆ ಹುಡುಗಿ ಒಬ್ಬಳೇ, ಅವಳು ಕಾಡಿನಾಚೆಯ ಸೂಪಾದಲ್ಲಿದ್ದಳು.

ಮಳೆ ಕಡಿಮೆಯಾದಾಗ ಮುಂಡಗೋಡದಿಂದ ಇಮಾಮಸಾಬ ಎಂಬ ಹಿರಿಯ ಬಂದ. ಅವನ ಮಗ ಮೋಟಾರು ರಿಪೇರಿ ಮಾಡುವವನು, ಆ ಹುಡುಗನಿಗೆ ಗುಲ್ಶನಳನ್ನು ಕೇಳುವವರಿದ್ದರು. ಸೂಪಾಕ್ಕೆ ಹೋಗುವ ದಾರಿಯಲ್ಲಿ ಹುಡುಗಿಯ ಸೋದರಮಾವನ ಮನೆಯಲ್ಲಿ ವಿಚಾರಿಸಿಯೇ ಮುಂದೆ ಹೋಗೋಣವೆಂದು ಇಳಿದಿದ್ದ. ಊಟಕ್ಕೆ ಹಾಕಿದರು. ಅವನು ರೊಟ್ಟಿ ಮುಟ್ಟದೆ ಕೇಳಿದ.

"ಸಿಟ್ಟಾಗಬ್ಯಾಡ್ರಿ ಗನಿಸಾಬ್. ಗಾಡಿಯವರ ಬಾಯಾಗ ಒಂದು ಹಾಡು ಕೇಳಿವಿ. ನಿಶ್ಚೆ ಆದ ಮ್ಯಾಲೆ ಹುಡುಗಿ ಒಲ್ಲೆ ಅಂದ್ಲಂತ. ಯಾಕಂದ್ಲು? ಏನರ ಐಬು ಐತೇನು?"

ಗನಿಸಾಬನಿಗೆ ತಂಗಿಯ ಮನೆಯವರ ಮೇಲಿನ ಸಿಟ್ಟು ಆರಿರಲಿಲ್ಲ. "ನಾವು ಹೆಂಗ ಹೇಳೂಣ್ರಿ," ಎಂದ, ಹುಬ್ಬಿನ ಹತ್ತಿ ತೆಗೆಯುತ್ತ. "ನೀವ ವಿಚಾರ ಮಾಡ್ರಿ."

ಅಷ್ಟು ಸಾಕಾಗಿತ್ತು. ಇಮಾಮಸಾಬ ತಾಟನ್ನು ಹಿಂದಕ್ಕೆ ಸರಿಸಿ, "ಹಂಗಾರ ಸೂಪಾಕ್ಕ ಹೋಗೂದು ಬ್ಯಾಡ ಬಿಡ್ರಿ. ಇಲ್ಲಿಂದನ ತಿರುಗತೇನಿ," ಎಂದ.

ಒಳಗೆ ಸಿರಾಜುನ್ನಿಸಾಳ ಕೈಯಲ್ಲಿ ರೊಟ್ಟಿ ಹಂಚಿನ ಮೇಲೇ ಸೀದು ಹೊಗೆ ಎದ್ದಿತು. ಅವಳು ಯೋಚಿಸುತ್ತ ನಿಲ್ಲಲಿಲ್ಲ. ಸೆರಗು ತಲೆಯ ಮೇಲೆಳೆದುಕೊಂಡು ಗಂಡಸರ ಮುಂದೆ ಬಂದಳು.

"ಐಬು ಇಲ್ಲಣ್ಣಾ. ಹುಡುಗಿ ಬಂಗಾರದಂಥಾಕಿ. ಆಕಿ ನನ್ನ ಮಗಳು."

"ಏ, ಒಳಗ ಹೋಗು!" ಎಂದು ಗನಿಸಾಬ ಎದ್ದ.

"ಹೋಗಂಗಿಲ್ಲ. ನನ್ನ ಎದಿಹಾಲು ಕುಡದಾಕಿ ಆಕಿ. ಖಾಜಿಯವರ ಮುಂದ ನಾ ಸುಳ್ಳು ಹೇಳಿದೆ, ಮಗನ ಆಶಾಕ್ಕ ಬಿದ್ದು ಹೇಳಿದೆ. ಆಡೂ ಇಲ್ಲ, ಏನೂ ಇಲ್ಲ. ಅಣ್ಣನ್ನ ಲಗ್ನ ಆಗಬಾರದು ಅಂತ ಆಕಿ ಒಲ್ಲೆ ಅಂದ್ಲು. ನನ್ನ ಸುಳ್ಳು ಬಯಲಿಗೆ ಬರಬಾರದು ಅಂತ ಕೆಟ್ಟ ಹೆಸರು ತಾ ಹೊತ್ತುಕೊಂಡ್ಲು. ತಪ್ಪು ನಂದ್ರಿ. ಬೈಯೂದಿದ್ರ ನನ್ನ ಬೈರಿ, ಆಕೀನ ಬಿಡಬ್ಯಾಡ್ರಿ."

ಗನಿಸಾಬ ಎತ್ತಿದ ಕೈಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ನಿಂತ. ಹತ್ತಿ ಚೀಲಗಳು ಅಲುಗಿದವು. ಅವುಗಳ ಹಿಂದಿನಿಂದ ಮನ್ಸೂರ ಗೋಡೆ ಹಿಡಿದುಕೊಂಡು ಎದ್ದು ಬಂದ. ಗಡ್ಡ ಬೆಳೆದಿತ್ತು, ಜ್ವರದಲ್ಲಿ ಕಣ್ಣು ಒಳಗೆ ಹೋಗಿದ್ದವು. ತಾಯಿಯ ಕಡೆ ನೋಡಲಿಲ್ಲ. ಮೂಲೆಯಲ್ಲಿದ್ದ ತಂಬಿಗೆ ಎತ್ತಿಕೊಂಡು ಬಂದು ಇಮಾಮಸಾಬನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕೈ ತೊಳಕೊಂಡು ಊಟ ಮಾಡ್ರಿ," ಎಂದ. ತಂಬಿಗೆಯನ್ನು ಬಗ್ಗಿಸಿ ಹಿಡಿದ. "ನಾ ಆಕಿ ಅಣ್ಣರಿ. ಏನ ಕೇಳೂದೈತಿ ನನ್ನ ಕೇಳ್ರಿ."

"ಹಾಡು ಬರದಾಂವ?"

"ಆಂವನೂ ನಾನರಿ. ಅದು ಸುಳ್ಳು ಹಾಡು."

ಇಮಾಮಸಾಬ ಸರಿಸಿದ್ದ ತಾಟನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ ನೀರಿಗೆ ಕೈಯೊಡ್ಡಿದ.

ಅವನು ಉಂಡು ಸೂಪಾದ ಕಡೆ ಹೋದ ಮೇಲೆ ಸಿರಾಜುನ್ನಿಸಾ ಮಗನಿಗೆ ಗಂಜಿ ತಂದಿಟ್ಟಳು. ಬೈಯುತ್ತಾನೆ, ಬಟ್ಟಲು ಎಸೆಯುತ್ತಾನೆ ಎಂದು ಕಾದಳು. ಹಾಗೆ ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ತೀರಿಕೊಂಡ ಆ ಸಣ್ಣಾಕಿ ಹೆಸರು ಏನಿತ್ತವ್ವಾ?" ಎಂದು ಕೇಳಿದ ಅವನು.

"ಮಹಬೂಬಿ."

ಆ ಹೆಸರು ಆ ಮನೆಯಲ್ಲಿ ಎಷ್ಟು ವರ್ಷಗಳಿಂದ ಯಾರ ಬಾಯಲ್ಲೂ ಬಂದಿರಲಿಲ್ಲವೋ. ಮನ್ಸೂರ ತಲೆಯಾಡಿಸಿ ಗಂಜಿ ಕುಡಿದ. ಮರುದಿನ ಅಂದಾನೆಪ್ಪನ ಹತ್ತಿರ ಹೋಗಿ ಹಾಡು ವಾಪಸು ಕೊಡು ಎಂದನಂತೆ. "ಕಾಗದ ಒಯ್ಯಿ ಮಾಸ್ತರ," ಎಂದನಂತೆ ಅಂದಾನೆಪ್ಪ, "ಜನರ ಬಾಯಾಗಿಂದ ಹೆಂಗ ಕಸಿದುಕೊಡ್ಲಿ?" ಮನ್ಸೂರ ಆಮೇಲೆ ಬರೆಯಲು ಕೂತದ್ದನ್ನು ಯಾರೂ ಕಾಣಲಿಲ್ಲ. ಗನಿಸಾಬ ಹೆಂಡತಿಯ ಜೊತೆ ಮಾತು ಬಿಟ್ಟ. ಊಟಕ್ಕೆ ಬೇಕಾದದ್ದನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದ. ಖಾಜಿಯ ಮುಂದೆ ತಪ್ಪೊಪ್ಪಿಕೊಳ್ಳಲು ಅವಳು ಒಬ್ಬಳೇ ಹೋಗಿ ಬಂದಳು.

ಸೂಪಾದಲ್ಲಿ ನಿಕಾ ಆಯಿತು, ರಜಿಯಾ ಅಣ್ಣನ ಮನೆಯವರನ್ನೂ ಕರೆದಿದ್ದಳು. ಇಮಾಮಸಾಬ ಮಾತು ಉಳಿಸಿಕೊಂಡ. ಊಟ ಮುಗಿದು ಹೆಣ್ಣನ್ನು ಕಳಿಸುವ ಹೊತ್ತು ಬಂತು. ಅಂಗಳದಾಚೆ ಕಮಾನು ಕಟ್ಟಿದ ಗಾಡಿ ನಿಂತಿತ್ತು. ಮದುಮಗಳು ನೆಲ ಮೆಟ್ಟಿ ತವರು ಬಿಡಬಾರದು, ಅಣ್ಣ ತಮ್ಮಂದಿರು ಎತ್ತಿ ಒಯ್ದು ಗಾಡಿಯಲ್ಲಿ ಕೂಡಿಸಬೇಕು.

"ಅಣ್ಣ ಯಾರ್ರವಾ? ಬಾ ಅನ್ರಿ, ಹೊತ್ತಾತು," ಎಂದು ಮುಂಡಗೋಡದ ಹೆಂಗಸರು ಕೂಗಿದರು.

ಶೌಕತನಿಗೆ ಗಂಡುಮಕ್ಕಳಿರಲಿಲ್ಲ, ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಮನ್ಸೂರ ಚಪ್ಪರದ ಕಂಬದ ಹತ್ತಿರದಿಂದ ಬಂದ. ಯಾರೂ ಹೇಳಬೇಕಾಗಲಿಲ್ಲ. ಕೆಂಪು ಚಾದರದಲ್ಲಿ ಮುಳುಗಿ ಕೂತಿದ್ದ ಗುಲ್ಶನಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಜ್ವರದಿಂದ ಎದ್ದ ಮೈ, ಕಾಲು ತಡವರಿಸಿತು, ಆದರೆ ಇಳಿಸಲಿಲ್ಲ. ಅವಳ ತಲೆ ಅವನ ಹೆಗಲಿಗೆ ತಾಗಿತ್ತು. ಅಷ್ಟು ವರ್ಷ ಒಂದೇ ಜಗಲಿಯ ಮೇಲೆ ಎದುರುಬದುರು ಕೂತಿದ್ದರೂ ಅವನು ಅವಳನ್ನು ಮುಟ್ಟಿದ್ದು ಇದೇ ಮೊದಲೆಂದು ಸಿರಾಜುನ್ನಿಸಾಳಿಗೆ ಗೊತ್ತಿತ್ತು. ಆ ಅಂಗಳ ಇನ್ನೂ ಉದ್ದ ಇರಬಾರದಿತ್ತೇ ಎಂದು ಅವಳಿಗೆ ಅನಿಸಿತು.

ಗಾಡಿಯಲ್ಲಿ ಕೂಡಿಸಿ, ಚಾದರದ ಅಂಚು ಒಳಗೆ ಸೇರಿಸಿ ಮನ್ಸೂರ, "ಹುಷಾರವಾ ತಂಗಿ," ಎಂದ. ಚಾದರದೊಳಗಿಂದ ಅಳು ಒಡೆದು ಬಂತು. ಗಾಡಿ ಹೊರಟಿತು.

ಜನ ಚದುರಿದರು. ಅವನು ಮಾತ್ರ ಅಲ್ಲೇ, ಎರಡೂ ಕೈ ಮುಂದೆ ಚಾಚಿಕೊಂಡೇ ನಿಂತಿದ್ದ. ಸಿರಾಜುನ್ನಿಸಾ ಹತ್ತಿರ ಹೋದಳು.

"ಕೈ ಜೋಮು ಹಿಡದಾವು ಅವ್ವಾ," ಎಂದ.

ಅವಳು ಆ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು ತಿಕ್ಕತೊಡಗಿದಳು. ಎಷ್ಟು ತಿಕ್ಕಿದರೂ ಅವು ಬೆಚ್ಚಗಾಗಲಿಲ್ಲ.